ಕಿವಿ ಮೇಲಿನ ಹೂವು

"ಏ ಕಿವುಡು ಮುಂಡೆ, ನಿನ್ನ ಕಿವಿಗೇನು ಸೀಸ ಕಾಯಿಸಿ ಹೊಯ್ದವ್ರಾ? ಎಷ್ಟು ಸಲ ಬಡ್ಕೊಳ್ಳೋದು?"

ಬೈಗುಳ ದೊಡ್ಡಕ್ಕನಿಗೆ ಕೇಳಿಸಲಿಲ್ಲ. ಮೇಸ್ತ್ರಿ ಎಸೆದ ಲಾಳಿ ಬೆನ್ನಿಗೆ ಬಡಿದಾಗಲೇ ಅವಳು ತಿರುಗಿದ್ದು. ಅಷ್ಟರಲ್ಲಿ ಅವನ ಬಾಯಿ ಮುಚ್ಚಿತ್ತು. ಏನಂದ ಎಂದು ಎದುರು ಮಗ್ಗದ ಗಿಡ್ಡಿಯನ್ನು ಹುಬ್ಬಿನಲ್ಲೇ ಕೇಳಿದಳು. ಗಿಡ್ಡಿ ಒಂದಕ್ಷರ ಬಿಡದೆ ತುಟಿಯಲ್ಲಿ ಒಪ್ಪಿಸಿ, "ನಾಯಿ ಬೊಗಳ್ತಿತ್ತು, ಬಿಡು" ಎಂದು ಸೇರಿಸಿದಳು.

ಮಗ್ಗಗಳು ಓಡುವಾಗ ಮಿಲ್ಲಿನ ಆ ಶೆಡ್ಡಿನಲ್ಲಿ ಕಿವಿಯೊಳಗೇ ಬಾಯಿಟ್ಟು ಕೂಗಿದರೂ ಅಷ್ಟೆ. ಅದಕ್ಕೇ ಹೆಂಗಸರೆಲ್ಲ ತುಟಿ ನೋಡಿ ಮಾತಾಡುವುದನ್ನು ಕಲಿತಿದ್ದರು. ಗಂಡನ ಕುಡಿತ, ಅತ್ತೆಯ ಕಾಟ, ಮೇಸ್ತ್ರಿಯ ಮೀಸೆಯ ಮೇಲಿನ ಗೇಲಿ, ಎಲ್ಲವೂ ಸದ್ದಿಲ್ಲದೆ ಶೆಡ್ಡು ಸುತ್ತುತ್ತಿದ್ದವು. ಹೀಗಾಗಿ ಯಾರ ಕಿವಿ ಯಾವಾಗ ಸತ್ತಿತೆಂದು ಯಾರಿಗೂ ಗೊತ್ತಾಗಿರಲಿಲ್ಲ. ಕಿವಿಯ ಪಾಲಿನ ಕೆಲಸವನ್ನೂ ಕಣ್ಣೇ ಮಾಡುತ್ತಿತ್ತು.

ಅಂಥ ಕಡೆಗೆ ಡಾಕ್ಟರಮ್ಮ ಬಂದರು. ಮಗ್ಗದ ಸದ್ದಿನಿಂದ ಕಿವಿ ಕೆಡುತ್ತದೋ ಇಲ್ಲವೋ ಎಂದು ಸಂಶೋಧನೆ ಮಾಡುವುದಕ್ಕೆ. ಗಾಜಿನ ಕಿಟಕಿಯ ಪುಟ್ಟದೊಂದು ಕೋಣೆಯನ್ನೇ ತಂದು ಮಿಲ್ಲಿನ ಅಂಗಳದಲ್ಲಿ ಇಳಿಸಿದರು. ಒಳಗೆ ಕೂತವರು ಹೆಡ್‌ಫೋನು ಹಾಕಿಕೊಂಡು, ಸದ್ದು ಕೇಳಿದಾಗೆಲ್ಲ ಕೈಯಲ್ಲಿನ ಗುಂಡಿ ಒತ್ತಬೇಕು. ಗಾಜಿನಾಚೆ ಡಾಕ್ಟರಮ್ಮ, ಅವರ ಮುಂದೆ ಯಂತ್ರ.

ಮೇಸ್ತ್ರಿ ಮೊದಲೇ ಹೇಳಿಬಿಟ್ಟಿದ್ದ: "ಯಾವಳಿಗೆ ಕೇಳಲ್ವೋ ಅವಳು ನಾಳೆಯಿಂದ ಮನೇಲಿ ಪಾತ್ರೆ ತಿಕ್ಕೊಂಡಿರ್ಲಿ."

ದೊಡ್ಡಕ್ಕ ಒಳಗೆ ಹೋಗಿ ಕುರ್ಚಿಯ ತುದಿಯಲ್ಲಿ ಕೂತಳು. ಡಾಕ್ಟರಮ್ಮ ಅವಳ ಕೂದಲನ್ನು ತಾವೇ ಕಿವಿಯ ಹಿಂದಕ್ಕೆ ಸರಿಸಿ, ಎದುರಿಗೆ ಬಂದು, "ಭಯ ಬೇಡ ಅಕ್ಕ" ಎಂದರು. ಮುಟ್ಟಿ ಮಾತಾಡಿಸುವ ದೊಡ್ಡವರನ್ನು ಅವಳು ಕಂಡದ್ದೇ ಕಡಿಮೆ, ಕಣ್ಣು ತುಂಬಿತು. ಆಮೇಲೆ ಬಾಗಿಲು ಮುಚ್ಚಿತು. ಏನೂ ಕೇಳಿಸಲಿಲ್ಲ. ಆದರೆ ಗಾಜಿನಾಚೆ ಡಾಕ್ಟರಮ್ಮನ ಹೆಬ್ಬೆರಳು ಯಂತ್ರವನ್ನು ಒತ್ತಿದ್ದು ಕಂಡಿತು. ಇವಳೂ ಒತ್ತಿದಳು. ಹೆಬ್ಬೆರಳು ಮತ್ತೆ ಇಳಿಯಿತು, ಇವಳು ಮತ್ತೆ ಒತ್ತಿದಳು.

"ಹೆಬ್ಬೆರಳು ನೋಡ್ರೇ" ಎಂಬ ಮಾತು ಕ್ಷಣದಲ್ಲಿ ಶೆಡ್ಡಿನ ಕೊನೆ ಮುಟ್ಟಿತು. ಎಲ್ಲರೂ ಪಾಸಾದರು.

"ನಿಮ್ಮದು ಎಳೆ ಮಗುವಿನ ಕಿವಿ ಅಕ್ಕ" ಎಂದು ಡಾಕ್ಟರಮ್ಮ ನಕ್ಕಾಗ, ಇಂಥ ತಾಯಿಗೆ ಮೋಸ ಮಾಡಿದೆನಲ್ಲ ಎಂದು ದೊಡ್ಡಕ್ಕ ನೊಂದುಕೊಂಡಳು. ಆದರೂ ಕೇಳಿದಳು, "ಮಗಳನ್ನೂ ಮಗ್ಗಕ್ಕೆ ಸೇರಿಸ್ಬೇಕು ಅಂತಿದೀನಿ. ಏನೂ ಆಗಲ್ಲ ತಾನೆ?" ತನ್ನ ಕಿವಿ ಹೋದದ್ದು ವಯಸ್ಸಿಗೆ ಎಂದು ಅವಳು ಸಮಾಧಾನ ಮಾಡಿಕೊಂಡಿದ್ದಳು. ಓದಿದವರ ಬಾಯಿಂದ ಅದೊಂದು ಮಾತು ಬರಬೇಕಿತ್ತು.

ಡಾಕ್ಟರಮ್ಮ ಕಿಟಕಿಯಾಚೆ ನೋಡಿ, ಮತ್ತೆ ಇವಳತ್ತ ತಿರುಗಿದರು. "ಧೈರ್ಯವಾಗಿ ಸೇರಿಸಿ."

ಸೋಮವಾರದಿಂದ ಮಗಳು ಕೆಲಸಕ್ಕೆ ಬರಲಿ ಎಂದು ಮೇಸ್ತ್ರಿ ಹೇಳಿಕಳಿಸಿದ ದಿನ ಅವಳು ತಲೆ ಬಾಚಿಕೊಳ್ಳುತ್ತ ಏನೋ ಗುನುಗುತ್ತಿದ್ದಳು. ತುಟಿ ಮುಚ್ಚಿ ಗುನುಗಿದರೆ ಅವ್ವನಿಗೆ ತಿಳಿಯುವುದು ಹೇಗೆ? ದೊಡ್ಡಕ್ಕ ಅವಳ ಬೆನ್ನ ಮೇಲೆ ಅಂಗೈ ಇಟ್ಟು, ಹಾಡು ನಡುಗುವುದನ್ನು ಮುಟ್ಟಿ ನೋಡಿದಳು.

ಅದಕ್ಕೆ ಎರಡು ದಿನ ಮುಂಚೆ, ಶನಿವಾರ, ಮಿಲ್ಲಿಗೆ ದೊಡ್ಡ ದೊಡ್ಡ ಡಾಕ್ಟರುಗಳು ಬರುವವರಿದ್ದರು, ಸಂಶೋಧನೆಯನ್ನು ಕಣ್ಣಾರೆ ಕಾಣಲು. ಇಡೀ ಆಯಸ್ಸು ಮಗ್ಗದ ಮುಂದೆ ಕಳೆದೂ ಎಳೆ ಕಿವಿ ಉಳಿಸಿಕೊಂಡವಳೆಂದು ತೋರಿಸಲು ದೊಡ್ಡಕ್ಕನನ್ನೇ ಆರಿಸಿದ್ದರು. ಮುಖ ತೊಳೆದು ಬಾ ಎಂದಿದ್ದರಿಂದ ಅವಳು ನಲ್ಲಿಯ ಹತ್ತಿರ ನಿಂತಿದ್ದಳು. ಎದುರಿಗೆ ಮಿಲ್ಲಿನ ಸಾಹುಕಾರನ ಆಫೀಸು, ಮುಚ್ಚಿದ ಗಾಜಿನ ಬಾಗಿಲು, ಒಳಗೆ ಅವನೂ ಡಾಕ್ಟರಮ್ಮನೂ. ದೊಡ್ಡಕ್ಕ ಕದ್ದು ನೋಡಲಿಲ್ಲ. ತುಟಿ ಆಡಿದ ಕಡೆ ಕಣ್ಣು ಹೋಗುವುದು ಅವಳ ಜನ್ಮಕ್ಕೆ ಅಂಟಿದ ಚಾಳಿ.

"ಅಷ್ಟೂ ಜನ ಪಾಸಾ? ಬಂದಿರೋ ಡಾಕ್ಟರುಗಳು ನಂಬ್ತಾರಾ?" ಎಂದ ಸಾಹುಕಾರ.

"ಕೇಳಿ ಎಲ್ಲಿ ಒತ್ತುತ್ತಾರೆ? ನನ್ನ ಹೆಬ್ಬೆರಳು ನೋಡಿ ಒತ್ತುತ್ತಾರೆ. ಮೊದಲ ದಿನವೇ ಗೊತ್ತಾಯ್ತು. ಕುರ್ಚಿ ಗೋಡೆ ಕಡೆ ತಿರುಗಿಸಿದ್ರೆ ಒಬ್ಬಳೂ ಉಳಿಯಲ್ಲ. ಅದಕ್ಕೇ ತಿರುಗಿಸಿಲ್ಲ." ಡಾಕ್ಟರಮ್ಮ ಲೋಟ ಕೆಳಗಿಟ್ಟಳು. "ಹೊಸ ಹುಡುಗೀರನ್ನ ಸೇರಿಸ್ಕೊಳ್ಳಿ. ಯಾರೂ ಕೇಳೋ ಹಾಗಿಲ್ಲ."

ನಲ್ಲಿಯ ನೀರು ಸೆರಗು ತೋಯಿಸಿ ಕಾಲ ಮೇಲೆ ಹರಿಯುತ್ತಿತ್ತು. ತಾನು ಮೋಸ ಮಾಡಿದೆನೆಂದು ನಿದ್ದೆಗೆಟ್ಟಿದ್ದಳಲ್ಲ, ಆ ರಾತ್ರಿಗಳ ನೆನಪಾಗಿ ಅವಳಿಗೆ ಮೈ ಉರಿಯಿತು. ಅಕ್ಕ ಎಂದು ಕೂದಲು ಸರಿಸಿದ್ದು ಕಿವಿ ಮೇಲೆ ಹೂ ಇಡುವುದಕ್ಕೆ.

ಶೆಡ್ಡಿಗೆ ಹೋಗಿ ಗಿಡ್ಡಿಯ ಎದುರು ನಿಂತು ತುಟಿ ಆಡಿಸಿದಳು. ಗಿಡ್ಡಿ ಪಕ್ಕದವಳಿಗೆ ದಾಟಿಸಿದಳು.

"ಕೆಲಸ ಹೋದ್ರೆ?" ಎಂದಳು ಗಿಡ್ಡಿ.

"ಹೋಗ್ಲಿ. ನನ್ನ ಮಗಳ ಕಿವಿ ಇವರಪ್ಪನ ಮನೆ ಸೊತ್ತಲ್ಲ."

ಅಂಗಳದಲ್ಲಿ ದೊಡ್ಡ ಡಾಕ್ಟರುಗಳು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಡಾಕ್ಟರಮ್ಮ ನಗುತ್ತ, ಕೋಣೆಯೊಳಗೆ ಕೂತ ದೊಡ್ಡಕ್ಕನಿಗೆ ಹೆಡ್‌ಫೋನು ಹಾಕಿ ಹೊರಗೆ ಹೋದಳು. ದೊಡ್ಡಕ್ಕ ಎದ್ದಳು, ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿ ಗೋಡೆಗೆ ಮುಖ ಮಾಡಿ ಇಟ್ಟಳು, ಕೂತಳು. ಗುಂಡಿಯನ್ನು ಎಲ್ಲರಿಗೂ ಕಾಣುವ ಹಾಗೆ ತಲೆಯ ಮೇಲೆ ಎತ್ತಿ ಹಿಡಿದಳು. ಬೆನ್ನ ಹಿಂದೆ ಎಷ್ಟು ಹೆಬ್ಬೆರಳು ಎಷ್ಟು ಸಲ ಇಳಿದವೋ, ಯಾರು ಯಾರು ಅಕ್ಕ ಎಂದು ಕರೆದರೋ. ಗೋಡೆ ಬಿಳಿಯಾಗಿತ್ತು, ತಣ್ಣಗಿತ್ತು. ಗುಂಡಿಯ ಮೇಲಿನ ಬೆರಳು ಅಲುಗಲಿಲ್ಲ.

ಕೊನೆಗೆ ಯಾರೋ ಭುಜ ಹಿಡಿದು ಎಬ್ಬಿಸಿದರು. ಹೊರಗೆ ಮಗ್ಗಗಳ ಹೆಂಗಸರೆಲ್ಲ ಸಾಲಾಗಿ ನಿಂತಿದ್ದರು. ಗಿಡ್ಡಿ ಯಾರನ್ನೂ ಕೇಳದೆ ಒಳಗೆ ಹೋಗಿ, ಗೋಡೆಗೆ ಮುಖ ಮಾಡಿದ್ದ ಕುರ್ಚಿಯಲ್ಲಿ ಹಾಗೆಯೇ ಕೂತು, ಕೈ ಎತ್ತಿದಳು.

ಮೇಸ್ತ್ರಿ ದೊಡ್ಡಕ್ಕನಿಗೆ ಅಡ್ಡ ಬಂದು ನಿಂತ. ಕುತ್ತಿಗೆಯ ನರ ಉಬ್ಬಿತ್ತು, ಬಾಯಿ ಅಗಲವಾಗಿ ತೆರೆದು ಮುಚ್ಚುತ್ತಿತ್ತು. ಏನು ಬೈದನೋ, ಅವಳು ಅವನ ತುಟಿ ನೋಡಲಿಲ್ಲ.