ಸೊಸೆಯ ಉಪವಾಸ ಬಿಡಿಸಿದ ಕರಿಬಸಮ್ಮ

ಕರಿಬಸಮ್ಮನವರ ಕೈ ಧಾರಾಳ. ಅಜ್ಜಂಪುರದ ಅವರ ಮನೆಗೆ ಹೋದವರು ಹೊಟ್ಟೆ ತುಂಬ ಉಣ್ಣದೆ ಹೊಸ್ತಿಲು ದಾಟಿದ್ದೇ ಇಲ್ಲ. ಅಂಥವರು ತಿಂಡಿ ಡಬ್ಬಗಳನ್ನೆಲ್ಲ ಬೀರುವಿಗೆ ತುಂಬಿ ಬೀಗ ಜಡಿದರು ಎಂದರೆ ನಂಬುತ್ತೀರಾ? ಜಡಿದೇಬಿಟ್ಟರು!

ಆದದ್ದಿಷ್ಟು. ಒಂದು ಮಧ್ಯಾಹ್ನ ತೋಟಕ್ಕೆ ಹೊರಟವರು ಕುಡುಗೋಲು ಮರೆತು ಹಿಂದಿರುಗಿದರು. ನೋಡಿದರೆ, ಅಡುಗೆಮನೆಯ ಮೂಲೆಯಲ್ಲಿ ಸೊಸೆ ಸಂಗೀತಾ ಕರ್ಜಿಕಾಯಿಗಳನ್ನು ಒಂದರ ಹಿಂದೊಂದು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಊಟವಾಗಿ ಅರ್ಧ ಗಂಟೆಯೂ ಆಗಿರಲಿಲ್ಲ. ಡಬ್ಬ ಬರಿದು. ಅತ್ತೆಯನ್ನು ಕಂಡವಳೇ ಗೊಳೋ ಎಂದು ಅತ್ತುಬಿಟ್ಟಳು.

"ನಾಲಿಗೆ ಹಿಡಿತದಲ್ಲಿಲ್ಲ ನಿಂಗೆ. ಸೋಮಾರದ ಒಪ್ಪತ್ತು ಸಾಲದು, ಗುರುವಾರ, ಶನಿವಾರಾನೂ ಉಪಾಸ ಮಾಡು. ಹೊಟ್ಟೆ ತಾನೇ ಸಣ್ಣಗಾಯ್ತದೆ!" ಎಂದು ಕರಿಬಸಮ್ಮ ಅಪ್ಪಣೆ ಕೊಟ್ಟು, ತಿಂಡಿ ಬೀರುವಿಗೆ ಬೀಗ ಜಡಿದರು. ಮಗ ಓಂಕಾರೇಶ್ ಅಮ್ಮನ ಮಾತಿಗೇ ತಲೆಯಾಡಿಸಿದ.

ಗುಣವಾಯಿತೇ? ಎಲ್ಲಿಯ ಗುಣ! ಉಪವಾಸದ ಮಾರನೇ ದಿನ ಪಾತ್ರೆಯ ಅನ್ನವೇ ಖಾಲಿಯಾಗತೊಡಗಿತು. ಸಂಗೀತಾ ಯಾರ ಜೊತೆಗೂ ಊಟಕ್ಕೆ ಕೂರುವುದನ್ನು ಬಿಟ್ಟಳು. ಕೊನೆಗೆ, ಮೂರು ತಿಂಗಳಲ್ಲಿ ಬೀರೂರಿನಲ್ಲಿ ನಡೆಯಬೇಕಿದ್ದ ಸ್ವಂತ ತಂಗಿಯ ಮದುವೆಗೇ ಬರುವುದಿಲ್ಲ ಎಂದಳು.

"ಎಲ್ಲರ ಮುಂದೆ ಪಂಕ್ತೀಲಿ ಕೂರಕ್ಕೆ ನಾಚಿಕೆ ಆಯ್ತದೆ ಅತ್ತೆ. ನನ್ನ ಬಿಟ್ಬಿಡಿ."

ಆಗ ಕರಿಬಸಮ್ಮನವರಿಗೆ ದಿಗಿಲಾಯಿತು. ಆಶಾ ಕಾರ್ಯಕರ್ತೆ ಹುಲಿಗೆಮ್ಮ ಬಂದಾಗ ಎಲ್ಲ ಹೇಳಿಕೊಂಡರು. ಹುಲಿಗೆಮ್ಮ ಸಂಗೀತಾಳ ಪಕ್ಕ ಕೂತು ಮೆಲ್ಲಗೆ ಕೇಳಿದಳು.

"ಹಸಿವಿಲ್ದಿದ್ರೂ ತಿಂತೀಯಾ? ಬೇಗ ಬೇಗ, ಹೊಟ್ಟೆ ನೋಯೋ ತನಕ?"

"ಹೂಂ ಅಕ್ಕ. ಯಾರೂ ಇಲ್ದಾಗ. ನಿಲ್ಲಿಸ್ಬೇಕು ಅಂತೀನಿ, ಕೈ ನಿಲ್ಲಲ್ಲ. ಆಮೇಲೆ ನನ್ನ ಕಂಡ್ರೆ ನಂಗೇ ಹೇಸಿಗೆ."

"ಎಷ್ಟು ದಿನದಿಂದ?"

"ದೀಪಾವಳಿಯಿಂದ. ವಾರಕ್ಕೆ ಎರಡು ಮೂರು ಸಲ."

ಹುಲಿಗೆಮ್ಮ ಅತ್ತೆಯ ಕಡೆ ತಿರುಗಿದಳು. "ಅಮ್ಮಾ, ಇದು ಹೊಟ್ಟೆಬಾಕತನ ಅಲ್ಲ. ಮಿತಿಮೀರಿ ತಿನ್ನೋ ಕಾಯಿಲೆ ಇದ್ದಂಗಿದೆ. ದಪ್ಪ ಇರೋರಿಗೇ ಅಂತಲ್ಲ, ಸಣ್ಣಗಿರೋರಿಗೂ, ಗಂಡಸರಿಗೂ ಬತ್ತದೆ. ಉಪಾಸ ಹಾಕಿದಷ್ಟೂ ಜಾಸ್ತಿ ಆಯ್ತದೆ. ತರೀಕೆರೆಗೆ ಹೋಗಿ ಮನಸ್ಸಿನ ಡಾಕ್ಟ್ರಿಗೆ ತೋರಿಸೋಣ."

"ಸೋಮಾರ ಬಿಡಿಸೋದಾ? ಶಿವನ ವಾರ ಕಣೇ! ತಿನ್ನೋದೂ ಒಂದು ಕಾಯ್ಲೆನಾ?"

"ಸಕ್ಕರೆ ಕಾಯಿಲೆ ಬಂದಾಗ ನೀವು ಸೋಮಾರ ಬಿಡಲಿಲ್ವಾ?"

"ಅದು ಡಾಕ್ಟ್ರು ಹೇಳಿದ್ರು ಅಂತ..."

"ಶಿವ ನಿಮಗೊಂದು ನ್ಯಾಯ, ಸೊಸೆಗೊಂದು ನ್ಯಾಯ ಮಾಡ್ತಾನಾ ಅಮ್ಮಾ?"

ಊರಿಗೇ ಉತ್ತರ ಕೊಡುವ ಕರಿಬಸಮ್ಮ ಅವತ್ತು ಎದ್ದು ಹೋಗಿ ಬೀರುವಿನ ಬೀಗ ತೆಗೆದರು.

ತರೀಕೆರೆಯ ಡಾಕ್ಟರೂ ಪರೀಕ್ಷೆ ಮಾಡಿ ಅದೇ ಕಾಯಿಲೆ ಎಂದರು. ಹೊತ್ತು ಹೊತ್ತಿಗೆ ಊಟ, ಉಪವಾಸ ಬಂದ್, ವಾರಕ್ಕೊಮ್ಮೆ ಆಪ್ತಸಮಾಲೋಚನೆ. ಮನೆಯವರು ಮೂದಲಿಸುವಂತಿಲ್ಲ, ತಿಂಡಿ ಬಚ್ಚಿಡುವಂತಿಲ್ಲ. ಓಂಕಾರೇಶ್ ಪ್ರತಿ ವಾರವೂ ಹೆಂಡತಿಯ ಜೊತೆ ಬಸ್ಸು ಹತ್ತಿದ. ನಡುವೆ ಎರಡು ಸಲ ಸಂಗೀತಾ ಮತ್ತೆ ಜಾರಿದಳು. ಕರಿಬಸಮ್ಮ ಬಯ್ಯಲಿಲ್ಲ. "ಇರ್ಲಿ ಬಿಡವ್ವ, ನಾಳೆ ಸರಿಯಾಗಿ ಉಂಡ್ರಾಯ್ತು," ಎಂದು ಪಕ್ಕದಲ್ಲೇ ಕೂತರು.

ಬಂತು ಬೀರೂರಿನ ಮದುವೆ. ಸಂಗೀತಾ ಪಂಕ್ತಿಯ ನಟ್ಟನಡುವೆ ಕೂತಳು! ಎದುರು ಕೂತಿದ್ದ ನೆಂಟರಾಕೆ ಮೀನಾಕ್ಷಮ್ಮ ಸುಮ್ಮನಿರಬೇಕಲ್ಲ. "ಮೈ ಬಂದೈತೆ, ನಿಂಗ್ಯಾಕೆ ಹೋಳಿಗೆ?" ಎಂದೇಬಿಟ್ಟರು.

"ನನ್ನ ಸೊಸೆ ಎಲೆ ಅವಳಿಗೆ ಬಿಡಿ ಮೀನಾಕ್ಷಮ್ಮ. ನಿಮ್ಮ ಎಲೆ ನೀವು ನೋಡ್ಕಳಿ!" ಎಂದು ಕರಿಬಸಮ್ಮ ಗುಡುಗಿದ್ದಕ್ಕೆ ಪಂಕ್ತಿಯೆಲ್ಲ ಗೊಳ್ಳೆಂದಿತು.

ಸಂಗೀತಾ ತುಪ್ಪ ಹಾಕಿಸಿಕೊಂಡು, ನಿಧಾನವಾಗಿ, ಎಲ್ಲರ ಎದುರೇ ಹೋಳಿಗೆ ತಿಂದಳು. ಬಡಿಸುವವನು ಇನ್ನೊಂದು ತಂದಾಗ ನಕ್ಕು, "ಸಾಕಣ್ಣ, ಹೊಟ್ಟೆ ತುಂಬ್ತು," ಎಂದಳು. ಎಷ್ಟೋ ತಿಂಗಳ ಮೇಲೆ ಆಕೆಯ ಬಾಯಲ್ಲಿ ಬಂದ ಮಾತು ಅದು. ಕರಿಬಸಮ್ಮನವರ ಕಣ್ಣು ತುಂಬಿ ಬಂತು. ಗೆದ್ದಳು ಹುಡುಗಿ!

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಕದ್ದು ತಿಂದು ಅಳುತ್ತಿರಬಹುದು. ಆಡಿಕೊಳ್ಳಬೇಡಿ, ಉಪವಾಸ ಹಾಕಬೇಡಿ. ಪಕ್ಕದಲ್ಲಿ ಕೂತು ಕೇಳಿ, ಡಾಕ್ಟರ ಬಳಿ ಕರೆದೊಯ್ಯಿರಿ. ಹೋಗಲು ಹಿಂಜರಿಕೆಯೇ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಹಣ ಕೊಡಬೇಕಿಲ್ಲ. ಇದು ವಾಸಿಯಾಗುವ ಕಾಯಿಲೆ. ಮೊದಲ ಮಾತು ನೀವೇ ಆಡಿ, ಇವತ್ತೇ ಆಡಿ.