ತೂತು ಬಿದ್ದ ಕಾವಲಿ

ನಾನು ಒಂದು ದೋಸೆ ಕಾವಲಿ. ಹುಟ್ಟಿದ್ದು ತುಮಕೂರಿನ ಕಮ್ಮಾರನೊಬ್ಬನ ಕುಲುಮೆಯಲ್ಲಿ. ಸುತ್ತಿಗೆಯ ಏಟು ತಿಂದೇ ಆಕಾರ ಪಡೆದದ್ದರಿಂದ ಏಟಿಗೆ ಹೆದರುವ ಅಭ್ಯಾಸ ನನಗಿಲ್ಲ. ಪಳಗದ ಕಾವಲಿಯಿಂದ ದೋಸೆ ಏಳುವುದಿಲ್ಲ. ರಂಗಮ್ಮನವರು ಹರಳೆಣ್ಣೆ ಸವರಿ, ಈರುಳ್ಳಿ ಉಜ್ಜಿ ನನ್ನನ್ನು ಪಳಗಿಸಿದರು.

ಅವರ ಮಗ ಚೆನ್ನಕೇಶವ ಎಂಜಿನಿಯರಿಂಗ್ ಓದಲು ಇಂಗ್ಲೆಂಡಿಗೆ ಹೊರಟಾಗ ನನ್ನನ್ನು ಅವನ ಟ್ರಂಕಿನ ತಳಕ್ಕೆ ತುರುಕಿದರು.

"ನೋಡು ಕೇಶು, ಇದನ್ನ ನಿಂಗೆ ಕೊಟ್ಬಿಟ್ಟಿಲ್ಲ, ಕಡ ಕೊಟ್ಟಿದೀನಿ. ಕಾವಲಿ ಇಲ್ದೆ ಮನೆ ಮೆಟ್ಲು ಹತ್ತಿದ್ರೆ ನೋಡು ಮತ್ತೆ!"

ಬೇಗ ಬಾ ಮಗನೇ ಎನ್ನಲು ಬಾರದ ತಾಯಂದಿರು ಹೀಗೇ ಮಾತಾಡುತ್ತಾರೆ.

ಅಲ್ಲಿ ಮೊದಲನೇ ಮಹಾಯುದ್ಧ ಶುರುವಾಯಿತು. ಕೇಶವ ಓದು ಬಿಟ್ಟು ವಿಮಾನದಳ ಸೇರಿದ. ನಾವಿಬ್ಬರೂ ಫ್ರಾನ್ಸಿಗೆ ಹೋದೆವು. ಆಗಿನ ವಿಮಾನವೆಂದರೆ ಗಾಳಿಪಟಕ್ಕೆ ಎಂಜಿನ್ ಕಟ್ಟಿ, ಮೇಲೊಂದು ಮೆಷಿನ್ ಗನ್ ಬಿಗಿದ ಹಾಗೆ. ಕೂರಲು ಬೆತ್ತದ ಕುರ್ಚಿ. ಪ್ಯಾರಾಶೂಟ್ ಇಲ್ಲ. ಕೊಟ್ಟರೆ ಯುದ್ಧ ಬಿಟ್ಟು ಜಿಗಿದುಬಿಡುತ್ತಾರೆಂದು ಮೇಲಿನವರಿಗೆ ಅನುಮಾನ. ಮೇಲಿನವರೆಂದರೆ ನೆಲದ ಮೇಲೆ ಕೂತವರು.

ಕೆಳಗಿನಿಂದ ಬರುವ ಗುಂಡನ್ನು ಬೆತ್ತ ತಡೆದೀತೆ? ಕೇಶವ ನನ್ನನ್ನು ಕುರ್ಚಿಗೆ ಹಾಕಿ ಮೇಲೆ ಕೂತ. ಅವನ ಶೌರ್ಯವನ್ನು ನಾನು ಕಂಡದ್ದೆಲ್ಲ ಆ ಕಡೆಯಿಂದಲೇ.

ದಳದ ಕ್ಯಾಪ್ಟನ್ ನಕ್ಕ. "ಏನಯ್ಯಾ, ಬಾಣಲೆ ಮೇಲೆ ಕೂತು ಯುದ್ಧ ಮಾಡ್ತೀಯಾ?"

"ಬಾಣಲೆ ಅಲ್ಲ ಸಾರ್, ಕಾವಲಿ. ಅಮ್ಮಂದು. ವಾಪಸ್ ಕೊಡ್ಬೇಕು."

"ಭಾರ ಆಗುತ್ತೆ, ಇಳಿಸು."

"ಪ್ಯಾರಾಶೂಟ್ ಕೊಡಿ, ಇಳಿಸ್ತೀನಿ."

ಕ್ಯಾಪ್ಟನ್ ತನ್ನ ವಿಮಾನದತ್ತ ನಡೆದ. ಪ್ಯಾರಾಶೂಟ್ ಅವನಿಗೂ ಇರಲಿಲ್ಲ.

ಒಂದು ಬೆಳಿಗ್ಗೆ ಆಕಾಶದಲ್ಲಿ ಕ್ಯಾಪ್ಟನ್ನನ ಬೆನ್ನಿಗೆ ಎರಡು ಜರ್ಮನ್ ವಿಮಾನಗಳು ಬಿದ್ದವು. ಕೇಶವನ ತೊಡೆ ಗಡಗಡ ನಡುಗಿತು. ಅದು ನನಗೆ ಮಾತ್ರ ಗೊತ್ತು. ವಿಮಾನವನ್ನು ಅವನು ತಿರುಗಿಸಿದ್ದು ಮಾತ್ರ ಆ ಎರಡರ ಕಡೆಗೇ.

"ಬನ್ರೋ, ನೋಡೇಬಿಡಾಣ!" ಎಂದು ಫ್ರಾನ್ಸಿನ ಮೋಡಗಳಿಗೆ ತುಮಕೂರಿನ ಕನ್ನಡ ಕೇಳಿಸಿದ.

ಆಗಿನ ಎಂಜಿನ್ನಿಗೂ ಹಾಕುತ್ತಿದ್ದದ್ದು ಹರಳೆಣ್ಣೆಯೇ. ಅದು ಕೇಶವನ ಮುಖಕ್ಕೆಲ್ಲ ಸಿಡಿಯುತ್ತಿದ್ದರೆ ನನಗೆ ರಂಗಮ್ಮನವರ ಒಲೆಯ ನೆನಪು. ಒಂದು ವಿಮಾನ ಹೊಗೆ ಉಗುಳುತ್ತ ಇಳಿಯಿತು. ಇನ್ನೊಂದು ನಮ್ಮ ಹೊಟ್ಟೆಯಡಿಗೆ ನುಗ್ಗಿ ಗುಂಡು ಹಾರಿಸಿತು.

ಠಣ್!

ನನ್ನನ್ನು ಕೊರೆದು ದಾಟಿದ ಗುಂಡಿಗೆ ಅವನ ತೊಡೆ ಸೀಳುವಷ್ಟು ಮಾತ್ರ ಕಸುವು ಉಳಿದಿತ್ತು. ಅಷ್ಟರಲ್ಲಿ ಕ್ಯಾಪ್ಟನ್ ತಿರುಗಿ ಮೇಲೆರಗಿದ, ಶತ್ರು ಓಡಿದ. ನೆಲಕ್ಕಿಳಿದ ಮೇಲೆ ಕ್ಯಾಪ್ಟನ್ ನನ್ನ ತೂತಿಗೆ ಬೆರಳು ತೂರಿಸಿ ನೋಡಿ, ಮೆಲ್ಲಗೆ ಕೇಳಿದ: "ನಿಮ್ಮಮ್ಮನ ಹತ್ರ ಇನ್ನೊಂದು ಇದೆಯೇನಯ್ಯಾ?"

ಯುದ್ಧ ಮುಗಿಯಿತು. ಕುಂಟುತ್ತ ಬಂದ ಮಗ ಮೆಟ್ಟಿಲ ಕೆಳಗೇ ನಿಂತು ನನ್ನನ್ನು ಮುಂದೆ ಚಾಚಿದ. ರಂಗಮ್ಮನವರು ನನ್ನನ್ನು ಬೆಳಕಿಗೆ ಹಿಡಿದು, ತೂತಿನೊಳಗಿಂದ ಒಂದು ಕಣ್ಣಲ್ಲಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಎಲ್ಲರ ಮನೇಲೂ ದೋಸೆ ತೂತು. ನಮ್ಮನೇಲಿ ಕಾವಲಿನೇ ತೂತು!" ಎಂದು ನಗಲು ಹೋಗಿ, ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಈಗ ಅಡುಗೆಮನೆಯ ಗೋಡೆಯಲ್ಲಿ ತೂಗುತ್ತಿದ್ದೇನೆ. ಮೊಳೆಗೆ ಸಿಕ್ಕಿಸಲು ಆ ಗುಂಡಿನ ತೂತೇ ಸಾಕಾಯಿತು. ಈ ತೂತು ಕಾವಲಿ ಯಾಕಮ್ಮಾ, ಹಾಕ್ಬಿಡಿ ಎಂದು ಗುಜರಿಯವನು ಬಂದಾಗಲೆಲ್ಲ ಕೇಳುತ್ತಾನೆ. ಕೇಳಲಿ. ನನ್ನ ಮೇಲೆ ರಂಗಮ್ಮನವರು ಹೊಯ್ದ ದೋಸೆಗಳೆಲ್ಲ ಎದ್ದಿವೆ. ಆ ಬೆಳಿಗ್ಗೆ ಆಕಾಶದಲ್ಲಿ ಸಾವು ಹೊಯ್ದದ್ದು ಒಂದೇ ದೋಸೆ, ಅದು ಏಳಲಿಲ್ಲ.