ಇಂಜೆಕ್ಷನ್ ಇಲ್ಲದೆ ಕಿತ್ತ ಹಲ್ಲು

ಮರಗಟ್ಟಿಸುವ ಇಂಜೆಕ್ಷನ್ ಮೈಗೊಗ್ಗದೆ ಆದಿವಾಲದ ಗಂಗಕ್ಕ ಒಮ್ಮೆ ಸತ್ತು ಬದುಕಿದ್ದಳು. ಸಾವಿರದ ಒಂಬೈನೂರ ಎಪ್ಪತ್ನಾಲ್ಕರಲ್ಲಿ ಮತ್ತೆ ದವಡೆ ಹಲ್ಲು ಹುಳುಕಾಗಿ ಕೆನ್ನೆ ಬಾತುಕೊಂಡಿತು. ಇಂಜೆಕ್ಷನ್ ಬೇಡ, ಹಿಪ್ನಾಟಿಸಂನಿಂದಲೇ ನೋವು ಮರೆಸಿ ಕೀಳುತ್ತೇನೆ ಎಂದರು ಚಿತ್ರದುರ್ಗದ ಹಲ್ಲಿನ ಡಾಕ್ಟರು.

ಜೊತೆಗೆ ಬಂದಿದ್ದ ಅಣ್ಣ ಕರಿಯಣ್ಣ ಹೌಹಾರಿದ. “ಮಂಕುಬೂದಿ ಎರಚಿ ತಾಳಿ ಕೇಳಿದ್ರೂ ಬಿಚ್ಚಿಕೊಡ್ತಾಳಲ್ರೀ!”

“ಪಕ್ಕದಾಗೇ ಕುಂತ್ಕಳ್ರಿ. ನಿಮ್ಮೆದುರಿಗೇ ಕೇಳಿ ನೋಡ್ತೀನಿ,” ಎಂದರು ಡಾಕ್ಟರು.

ಗಂಗಕ್ಕ ಕಣ್ಣು ಮುಚ್ಚಿದಳು. ಡಾಕ್ಟರ ಮೆಲುದನಿ ಹೇಳಿದಂತೆ ಮನಸ್ಸಿನಲ್ಲೇ ಊರ ಕಾಲುವೆಗೆ ಇಳಿದಳು. ತಣ್ಣನೆಯ ನೀರು ಕೆನ್ನೆಯ ತನಕ ಏರಿತು. ಬೀದಿಯ ಬಸ್ಸಿನ ಹಾರನ್ನೂ ಕೇಳುತ್ತಲೇ ಇತ್ತು.

“ಗಂಗಕ್ಕಾ, ತಾಳಿ ಬಿಚ್ಚಿಕೊಡ್ರಿ.”

“ಅದ್ಯಾಕ್ ಬಿಚ್ಲಿ? ಹಲ್ಲು ಕೀಳ್ರಿ,” ಎಂದಳು, ಕಣ್ಣು ತೆರೆಯದೆಯೇ. ಕರಿಯಣ್ಣ ಬೆರಗಾದ.

ಇಕ್ಕಳ ಹಲ್ಲನ್ನು ಅಲುಗಿಸಿದ್ದು ಅವಳಿಗೆ ತಿಳಿಯಿತು. ನೋವು ಮಾತ್ರ ಬೇರೆ ಯಾರದೋ ಎಂಬಂತೆ ಆಚೆ ದಂಡೆಯಲ್ಲೇ ಉಳಿಯಿತು.

ಎಚ್ಚೆತ್ತಾಗ ಬಟ್ಟಲಲ್ಲಿ ರಕ್ತ ಮೆತ್ತಿದ ಹಲ್ಲಿತ್ತು.

“ಏನ್ ಮಾಯ ಮಾಡಿದ್ರಿ ಸ್ವಾಮಿ?”

“ನಾನು ದಾರಿ ಹೇಳ್ದೆ ಅಷ್ಟೆ. ನೋವು ತಡೆದಿದ್ದು ನಿಮ್ಮ ಮನಸೇ ಕಣಮ್ಮ. ಎಲ್ರಿಗೂ ಹಿಂಗೆ ಆಗಾಕಿಲ್ಲ.”

ಗಂಗಕ್ಕ ಬಟ್ಟಲಲ್ಲಿದ್ದ ಹಲ್ಲನ್ನೇ ನೋಡಿದಳು. ಇಷ್ಟು ವರ್ಷ ತನ್ನೊಳಗೇ ಇದ್ದ ಅಂಥ ಶಕ್ತಿಗೆ ಕೈಮುಗಿಯಬೇಕೆನಿಸಿ, ಎರಡೂ ಅಂಗೈಗಳನ್ನು ಎದೆಯ ಮೇಲಿಟ್ಟುಕೊಂಡಳು.